ಜಿಪ್ಸಿಗೆ ವೈಡ್‌ಬ್ಯಾಂಡ್ ಸೆನ್ಸರ್: ಮಲೆನಾಡಿನ ಮಳೆಯಲ್ಲಿ ಓಡಿಸಿದ ಮೇಲೆ

ವೈಡ್‌ಬ್ಯಾಂಡ್ ಓ2 ಸೆನ್ಸರ್ ಅಂದರೆ ಹೊಗೆಯಲ್ಲಿನ ಆಕ್ಸಿಜನ್ ಅಳೆದು, ಎಂಜಿನ್‌ನಲ್ಲಿ ಗಾಳಿ-ಪೆಟ್ರೋಲ್ ಮಿಶ್ರಣ ಹೇಗಿದೆ ಅಂತ ಗೇಜ್‌ನಲ್ಲಿ ತೋರಿಸುವ ಸಾಧನ. ಅದನ್ನು ಹಾಕಿಸಬೇಕು ಅನ್ನುವವರು ಮೊದಲು ಕೇಳುವುದು ಯಾವ ಕಂಪನಿಯ ಗೇಜ್ ತಗೋಬೇಕು ಅಂತ. ನನ್ನ ಪ್ರಕಾರ ಅದು ಆಮೇಲಿನ ಮಾತು. ಸೆನ್ಸರ್ ಅನ್ನು ಸೈಲೆನ್ಸರ್ ಪೈಪಿನಲ್ಲಿ ಎಲ್ಲಿ ಕೂರಿಸುತ್ತೀರಿ ಅನ್ನುವುದನ್ನು ಮೊದಲು ತೀರ್ಮಾನ ಮಾಡಿಕೊಳ್ಳಿ. ನನ್ನ ಗಾಡಿಯಲ್ಲಿ ಗೇಜ್ ಬದಲಾಗಿಲ್ಲ, ಸೆನ್ಸರ್ ಮಾದರಿಯೂ ಬದಲಾಗಿಲ್ಲ. ಬದಲಾಗಿದ್ದು ಜಾಗ ಮಾತ್ರ. ಅದಕ್ಕೆ ಮುಂಚೆ ಗೇಜ್‌ನ ಒಂದು ನಂಬರನ್ನೂ ನಂಬುವ ಹಾಗಿರಲಿಲ್ಲ. ಈಗ ಅದನ್ನು ನೋಡಿಯೇ ಜೆಟ್ (ಕಾರ್ಬ್ಯುರೇಟರ್‌ನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಆರಿಸುತ್ತೇನೆ.

ನನ್ನದು ಕಾರ್ಬ್ಯುರೇಟರ್ ಇರುವ ಹಳೇ ಮಾರುತಿ ಜಿಪ್ಸಿ, 1.3 ಲೀಟರ್ ಎಂಜಿನ್. ಟರ್ಬೊ ಇಲ್ಲ, ಕ್ಯಾಟ್ (ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್) ಇಲ್ಲ. ಸಕಲೇಶಪುರದ ಹತ್ತಿರ ತೋಟದ ಕೆಲಸಕ್ಕೆ ಓಡುತ್ತದೆ, ಆಗಾಗ ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಕಡೆ ಹೋಗುತ್ತದೆ. ಮಳೆಗಾಲದಲ್ಲಿ ತೋಟದ ದಾರಿಯಲ್ಲೇ ಹಳ್ಳ ದಾಟಬೇಕು. ಸೆನ್ಸರ್ ಬಾಷ್‌ನ ಎಲ್‌ಎಸ್‌ಯು 4.9, ಗೇಜ್ 52 ಮಿ.ಮೀ. ಅಳತೆಯದು.

ಗಾಡಿ ಕೈಗೆ ಬಂದಾಗಲೇ ಸೆನ್ಸರ್ ಕೂರಿಸುವ ಬಂಗ್ (ಒಳಗೆ ಥ್ರೆಡ್ ಇರುವ ಕಬ್ಬಿಣದ ಬಳೆ) ಪೈಪಿಗೆ ವೆಲ್ಡ್ ಆಗಿತ್ತು. ಹಿಂದಿನ ಮಾಲೀಕರು ಯಾವುದೋ ವರ್ಕ್‌ಶಾಪಿನಲ್ಲಿ ಮಾಡಿಸಿದ್ದರು. ಮಫ್ಲರ್ (ಸದ್ದು ತಗ್ಗಿಸುವ ಡಬ್ಬಿ) ದಾಟಿ, ಹಿಂಬದಿಯ ಪೈಪಿನಲ್ಲಿ, ಅದೂ ಪೈಪಿನ ಅಡಿಯಿಂದ, ಸೆನ್ಸರ್‌ನ ಮೂತಿ ಮೇಲಾಗುವ ಹಾಗೆ. ಮಾಡುವವರಿಗೆ ಅದು ಸುಲಭದ ಜಾಗ, ಜಾಕ್ ಹಾಕದೆಯೇ ಕೈ ಸಿಗುತ್ತದೆ. ಸೆನ್ಸರ್‌ಗೆ ಮಾತ್ರ ಅದಕ್ಕಿಂತ ಕೆಟ್ಟ ಜಾಗ ಇಡೀ ಪೈಪಿನಲ್ಲಿ ಇನ್ನೊಂದಿಲ್ಲ.

ಐಡಲ್‌ನಲ್ಲಿ ಗೇಜ್ 16, 17 ಅಂತ ತೋರಿಸುತ್ತಿತ್ತು. ಒಂದು ಪಾಲು ಪೆಟ್ರೋಲಿಗೆ ಎಷ್ಟು ಪಾಲು ಗಾಳಿ ಅನ್ನುವ ಲೆಕ್ಕ ಅದು. ಅಂದರೆ ಪೆಟ್ರೋಲ್ ಕಡಿಮೆ, ಗಾಳಿ ಜಾಸ್ತಿ. ಪ್ಲಗ್ ಬಿಚ್ಚಿ ನೋಡಿದರೆ ಕಪ್ಪು ಮಸಿ, ಬೆರಳಿಗೆ ಅಂಟುವಷ್ಟು, ಅಂದರೆ ಪೆಟ್ರೋಲ್ ಜಾಸ್ತಿ. ಎರಡೂ ಒಟ್ಟಿಗೆ ನಿಜ ಆಗುವುದಕ್ಕೆ ಸಾಧ್ಯವಿಲ್ಲ ಅಲ್ವಾ? ಕಾರಣ ಸರಳ. ಎಂಜಿನ್ ಹೊಗೆಯನ್ನು ಒಂದೇ ಸಮ ತಳ್ಳುವುದಿಲ್ಲ, ಬಿಟ್ಟು ಬಿಟ್ಟು ತಳ್ಳುತ್ತದೆ. ಎರಡು ತಳ್ಳುವಿಕೆಯ ನಡುವೆ ಪೈಪಿನಲ್ಲಿ ಒತ್ತಡ ಕುಸಿದು, ಬಾಲದ ತುದಿಯಿಂದ ಹೊರಗಿನ ಗಾಳಿ ಸ್ವಲ್ಪ ಒಳಗೆ ಬರುತ್ತದೆ. ತುದಿಗೆ ಹತ್ತಿರ ಕೂತ ಸೆನ್ಸರ್ ಆ ಗಾಳಿಯ ಆಕ್ಸಿಜನ್ ಅನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ವೇಗದಲ್ಲಿ ಓಡಿಸುವಾಗ ಇದು ಕಾಣುವುದಿಲ್ಲ. ಅದಕ್ಕೇ ಬಹಳ ಜನ ಗೇಜ್ ಸರಿಯಿದೆ, ಐಡಲ್ ಜೆಟ್ ಕೆಟ್ಟಿದೆ ಅಂದುಕೊಂಡು ಕಾರ್ಬ್ಯುರೇಟರ್ ಬಿಚ್ಚುತ್ತಾರೆ.

ಅದಕ್ಕಿಂತ ದೊಡ್ಡ ತೊಂದರೆ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಹೊಗೆಯ ಜೊತೆ ಹೋಗುತ್ತದೆ. ಪೈಪ್ ತಣ್ಣಗಿದ್ದಾಗ ಅದು ಒಳಗೇ ಹನಿಗಟ್ಟುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರ್ ತುದಿಯಿಂದ ನೀರು ತೊಟ್ಟಿಕ್ಕುವುದನ್ನು ಎಲ್ಲರೂ ನೋಡಿರುತ್ತೀರಿ. ಸೆನ್ಸರ್ ಒಳಗಿನ ಸೆರಾಮಿಕ್ ಅನ್ನು ಹೀಟರ್ ಸುಮಾರು 780 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟಿರುತ್ತದೆ. ಉರಿಯುವ ಲಾಟೀನಿನ ಚಿಮಣಿಗೆ ನೀರು ಸಿಡಿದರೆ ಏನಾಗುತ್ತದೋ ಇಲ್ಲೂ ಅದೇ. ಆ ಹಳೇ ಜಾಗದಲ್ಲಿದ್ದ ಸೆನ್ಸರ್ ಸತ್ತ ಮೇಲೆ ಬಿಚ್ಚಿದೆ. ಮೂತಿಯ ಕವಚದ ತೂತುಗಳಿಂದ ಕಂದು ಬಣ್ಣದ ನೀರು ಅಂಗೈ ಮೇಲೆ ಇಳಿಯಿತು. ಕವಚದ ಒಳಗೆ ತುಕ್ಕಿನ ಗೆರೆ, ಎಲ್ಲಿಯವರೆಗೆ ನೀರು ನಿಂತಿತ್ತು ಅಂತ ಅಳತೆ ಹಾಕಿದ ಹಾಗೆ. ಇದಕ್ಕೆ ಸೆನ್ಸರ್ ಕಂಪನಿಯನ್ನು ಬೈಯುವುದು ಸರಿಯಲ್ಲ.

ಹೊಸ ಜಾಗ ಹುಡುಕುವಾಗ ಎರಡು ಕಡೆಯಿಂದ ಒತ್ತಡ ಇರುತ್ತದೆ. ಎಂಜಿನ್‌ನಿಂದ ದೂರ ಹೋದಷ್ಟೂ ಪೈಪ್ ನಿಧಾನವಾಗಿ ಬಿಸಿಯಾಗುತ್ತದೆ, ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ. ಹತ್ತಿರ ಹೋದಷ್ಟೂ ಸೆನ್ಸರ್ ಬೇಯುತ್ತದೆ. ಎಲ್‌ಎಸ್‌ಯು 4.9 ಮುಂದೆ ಹರಿಯುವ ಹೊಗೆ 930 ಡಿಗ್ರಿ ದಾಟಬಾರದು, ಸ್ಪ್ಯಾನರ್ ಹಾಕುವ ಷಡ್ಭುಜದ ಭಾಗ 600 ಡಿಗ್ರಿ ದಾಟಬಾರದು ಅಂತ ಬಾಷ್ ಮಿತಿ ಇಟ್ಟಿದೆ. ಜೊತೆಗೆ ಮ್ಯಾನಿಫೋಲ್ಡ್‌ಗೆ (ಎಲ್ಲ ಸಿಲಿಂಡರ್‌ಗಳ ಹೊಗೆ ಒಂದೇ ಪೈಪಿಗೆ ಸೇರುವ ಭಾಗ) ತೀರಾ ಹತ್ತಿರ ಇಟ್ಟರೆ ನಾಲ್ಕೂ ಸಿಲಿಂಡರ್‌ಗಳ ಹೊಗೆ ಬೆರೆತಿರುವುದಿಲ್ಲ. ಹತ್ತಿರದ ಒಂದು ಸಿಲಿಂಡರ್‌ನ ಸುದ್ದಿಯನ್ನೇ ಎಲ್ಲದರ ಸುದ್ದಿ ಅಂತ ಓದಿಬಿಡುತ್ತೀರಿ. ಎಂಜಿನ್‌ನಿಂದ ಹೊಗೆ ಹೊರಬರುವ ಬಾಯಿಯಿಂದ (ಪೋರ್ಟ್) ಕನಿಷ್ಠ 45 ಸೆಂ.ಮೀ. ಆದರೂ ಹಿಂದೆ ಇರಲಿ ಅನ್ನುವುದು ಸಾಮಾನ್ಯ ನಿಯಮ. ನಾನು ಇನ್ನೂ ಸ್ವಲ್ಪ ಹಿಂದೆ, 65 ಸೆಂ.ಮೀ. ಆಸುಪಾಸಿನಲ್ಲಿ ಹಾಕಿಸಿದೆ. ಮ್ಯಾನಿಫೋಲ್ಡ್‌ನಿಂದ ಇಳಿದ ಪೈಪ್ ನೆಲಕ್ಕೆ ಸಮಾಂತರವಾಗುವ ತಿರುವು ದಾಟಿದ ತಕ್ಷಣ ಒಂದು ನೇರ ತುಂಡು ಸಿಗುತ್ತದೆ. ಗೇರ್‌ಬಾಕ್ಸ್ ಪಕ್ಕ. ಅಲ್ಲಿ ಪೈಪ್ ಬೇಗ ಬಿಸಿಯಾಗುತ್ತದೆ, ಹೊಗೆಯೂ ಬೆರೆತಿರುತ್ತದೆ.

ಕೋನದ ವಿಷಯದಲ್ಲಿ ರಾಜಿ ಬೇಡವೇ ಬೇಡ. ಸೆನ್ಸರ್‌ನ ಬಾಲ ಮೇಲಿರಬೇಕು, ಮೂತಿ ಕೆಳಗಿರಬೇಕು. ಅಡ್ಡ ರೇಖೆಯಿಂದ ಕನಿಷ್ಠ 10 ಡಿಗ್ರಿ ಮೇಲೆ. ಪೈಪಿನ ಸುತ್ತನ್ನು ಗಡಿಯಾರ ಅಂದುಕೊಂಡರೆ 10 ಗಂಟೆಯಿಂದ 2 ಗಂಟೆಯ ನಡುವೆ. ಆಗ ಒಳಗೆ ಕಟ್ಟಿದ ನೀರು ಮೂತಿಯಿಂದ ಇಳಿದು ಹೋಗುತ್ತದೆ. ಸರಿಯಾಗಿ 12 ಗಂಟೆಗೆ ಇಟ್ಟರೆ ಪೈಪಿನ ಕಾವು ನೇರ ಮೇಲೇರಿ ವೈರ್ ಬುಡಕ್ಕೆ ಬಡಿಯುತ್ತದೆ. ನಾನು 10 ಗಂಟೆಯ ಕಡೆಗೆ ಹಾಕಿಸಿದೆ.

ನಮ್ಮ ಕಡೆಯವರಿಗೆ ಇನ್ನೊಂದು ಲೆಕ್ಕ ಇದೆ. ಸಿಟಿಯಲ್ಲಿ ಓಡಿಸುವವರು ಇದನ್ನು ಯೋಚಿಸಬೇಕಾಗಿಲ್ಲ. ಹೊರಗಿನ ನೀರು. ಹಳ್ಳ ದಾಟುವಾಗ ಮುಂದಿನ ಚಕ್ರ ಎರಚುವ ನೀರು ಎಲ್ಲಿಗೆ ಬೀಳುತ್ತದೆ ಅಂತ ಮೊದಲು ನೋಡಿ. ಕೆಸರಿನ ದಾರಿಯಲ್ಲಿ ಒಮ್ಮೆ ಓಡಿಸಿ ಬಂದು ಗಾಡಿ ಕೆಳಗೆ ಮಲಗಿದರೆ ಸಾಕು, ಕೆಸರೇ ನಕ್ಷೆ ಬರೆದಿರುತ್ತದೆ. ನನ್ನ ಜಿಪ್ಸಿಯಲ್ಲಿ ಪೈಪಿನ ಹೊರಬದಿಗೆ ದಪ್ಪ ಕೆಸರು ಮೆತ್ತಿತ್ತು, ಗೇರ್‌ಬಾಕ್ಸ್ ಕಡೆಯ ಬದಿ ಹೆಚ್ಚು ಕಡಿಮೆ ಒಣಗಿತ್ತು. ಸೆನ್ಸರ್ ಮುಖ ಮಾಡಿದ್ದು ಆ ಒಣ ಬದಿಗೆ. ಮೇಲೆ ಒಂದು ತಗಡಿನ ಮರೆಯನ್ನೂ, ಗಾಳಿ ಆಡಲು ಸಂದು ಬಿಟ್ಟು, ಬೋಲ್ಟ್ ಮಾಡಿಸಿದೆ. ಕನೆಕ್ಟರ್ ಅನ್ನು ಪೈಪ್ ಹತ್ತಿರ ಬಿಡದೆ ಫ್ಲೋರ್ ತೂತಿನ ರಬ್ಬರ್ ಗ್ರಾಮೆಟ್ ಮೂಲಕ ಒಳಗೆ ತಂದೆ.

ವೆಲ್ಡಿಂಗ್ ಮಾಡಿದ ಸೈಲೆನ್ಸರ್ ಅಂಗಡಿಯ ಹುಡುಗ ಮೊದಲು, "ಸಾರ್, ಕೆಳಗಿಂದ ಹಾಕಿದ್ರೆ ಹತ್ತು ನಿಮಿಷದ ಕೆಲಸ" ಅಂದ. "ಇಲ್ಲಪ್ಪ, ಪೈಪ್ ಇಳಿಸಿಯೇ ಮಾಡು" ಅಂದೆ. ಇಳಿಸಿದ್ದು ಒಳ್ಳೆಯದಾಯಿತು. ಪೈಪ್ ಕೂರುವ ಫ್ಲ್ಯಾಂಜ್‌ನ ಪ್ಯಾಕಿಂಗ್ ಒಂದು ಮೂಲೆಯಲ್ಲಿ ಸುಟ್ಟು ಕಪ್ಪು ಗೆರೆ ಬಿದ್ದಿತ್ತು, ಅಂದರೆ ಲೀಕ್. ಸೆನ್ಸರ್‌ಗಿಂತ ಮುಂಚೆ ಲೀಕ್ ಇದ್ದರೆ ಅಲ್ಲಿಂದಲೂ ಗಾಳಿ ಎಳೆಯುತ್ತದೆ, ಎಷ್ಟೇ ಒಳ್ಳೆಯ ಜಾಗ ಆದರೂ ಪ್ರಯೋಜನವಿಲ್ಲ. ಹೊಸ ಪ್ಯಾಕಿಂಗ್ ಹಾಕಿಸಿದೆ. ಅಲ್ಲಿ ಮಾಮೂಲಿ ಸಿಲಿಕಾನ್ ಪೇಸ್ಟ್ ಬಳಿಯಲು ಬಿಡಬೇಡಿ, ಅದರ ಆವಿ ಸೆನ್ಸರ್ ಅನ್ನು ಹಾಳು ಮಾಡುತ್ತದೆ. ಬಂಗ್‌ನ ಥ್ರೆಡ್ ಎಂ18, 1.5 ಪಿಚ್. ವೆಲ್ಡ್ ಮಾಡುವಾಗ ಸೆನ್ಸರ್ ಇರಬಾರದು. ಬಿಗಿಸುವುದು 40ರಿಂದ 60 ನ್ಯೂಟನ್ ಮೀಟರ್.

ವೈರಿಂಗ್‌ನಲ್ಲಿ ಒಂದೇ ಮಾತು ಹೇಳುತ್ತೇನೆ. ಸೆನ್ಸರ್ ಪೈಪಿನಲ್ಲಿದ್ದು ಅದಕ್ಕೆ ಕರೆಂಟ್ ಇಲ್ಲದೆ ಗಾಡಿ ಓಡಿಸಬೇಡಿ, ಹೀಟರ್ ಇಲ್ಲದ ಸೆನ್ಸರ್ ಮೇಲೆ ಮಸಿ ಕೂರುತ್ತದೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್ ಇಟ್ಟು ಕೂರುವುದೂ ಬೇಡ. ಎಂಜಿನ್ ಆಯಿಲ್ ಪ್ರೆಶರ್ ಬಂದ ಮೇಲೇ ಗೇಜ್‌ಗೆ ಕರೆಂಟ್ ಹೋಗುವ ಹಾಗೆ ಒಂದು ರಿಲೇ ಹಾಕಿಸಿದ್ದೇನೆ.

ಇನ್ನು ಬಳಕೆ. ಹೊಸ ಜಾಗಕ್ಕೆ ಬಂದ ದಿನವೇ ಐಡಲ್ 12.5 ಅಂತ ತೋರಿಸಿತು. ಮಸಿ ಹಿಡಿದ ಪ್ಲಗ್ ಹೇಳುತ್ತಿದ್ದದ್ದೂ ಅದನ್ನೇ. ಮಿಕ್ಸ್ಚರ್ ಸ್ಕ್ರೂ ಕಾಲು ಸುತ್ತು ತಿರುಗಿಸಿದರೆ ಗೇಜ್‌ನಲ್ಲಿ ಕಾಣುತ್ತದೆ, ಕಿವಿಗೂ ಕೇಳುತ್ತದೆ. ನನಗೆ ಬಹಳ ಖುಷಿ ಕೊಟ್ಟಿದ್ದು ಘಾಟಿ. ಉಪ್ಪಿನಂಗಡಿ ಸಮುದ್ರ ಮಟ್ಟದಿಂದ ನೂರು ಮೀಟರ್ ಒಳಗೆ, ಸಕಲೇಶಪುರ 900 ಮೀಟರ್ ಮೇಲೆ. ಮೇಲೆ ಗಾಳಿ ತೆಳ್ಳಗೆ, ಕಾರ್ಬ್ಯುರೇಟರ್‌ಗೆ ಅದು ತಿಳಿಯುವುದಿಲ್ಲ, ಮಿಶ್ರಣ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಪಾಲು ಜಾಸ್ತಿ. ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಅದಕ್ಕಿಂತ ಕಡಿಮೆ ಅಂದರೆ ರಿಚ್. ಕೆಳಗೆ ಸಮ ವೇಗದಲ್ಲಿ ಲ್ಯಾಂಬ್ಡಾ 0.95 ಇದ್ದದ್ದು ಘಾಟಿ ಹತ್ತಿ ಅದೇ ವೇಗಕ್ಕೆ ಬಂದಾಗ 0.91 ಹತ್ತಿರ. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಡೆಯುತ್ತದೆ. ಹಳೇ ಜಾಗದಲ್ಲಿ ಈ ಸಣ್ಣ ವ್ಯತ್ಯಾಸ ಗೊತ್ತಾಗುವ ಮಾತೇ ಇರಲಿಲ್ಲ. ಅಲ್ಲಿಂದ ಇಲ್ಲಿಯವರೆಗೆ ಕೆಲವು ಮಳೆಗಾಲ ಕಳೆದಿವೆ, ಆಗ ಹಾಕಿದ ಹೊಸ ಸೆನ್ಸರೇ ಇದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡುತ್ತೇನೆ. ಮೂತಿ ಒಣಗಿರುತ್ತದೆ, ತಿಳಿ ಬೂದು ಬಣ್ಣ.

ಲ್ಯಾಂಬ್ಡಾ ಅಂದೆನಲ್ಲ, ಗೇಜ್ ಅನ್ನು ಆ ಲೆಕ್ಕಕ್ಕೇ ಬದಲಾಯಿಸಿಕೊಳ್ಳಿ ಅಂತ ನನ್ನ ಸಲಹೆ. ಸೆನ್ಸರ್ ತಿಳಿಯುವುದು ಲ್ಯಾಂಬ್ಡಾ ಮಾತ್ರ, ಗೇಜ್ ಅದನ್ನು ಶುದ್ಧ ಪೆಟ್ರೋಲಿಗೆ ಸರಿಯಾದ ಅಂಕಿ 14.7ರಿಂದ ಗುಣಿಸಿ ತೋರಿಸುತ್ತದೆ. ಈಗ ಬಂಕ್‌ನಲ್ಲಿ ಸಿಗುವುದು ಇ20, ಅಂದರೆ ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕೆ ಸರಿಯಾದ ಅಂಕಿ ಸುಮಾರು 13.5. ಲ್ಯಾಂಬ್ಡಾದಲ್ಲಾದರೆ ಯಾವ ಪೆಟ್ರೋಲ್ ಹಾಕಿದರೂ 1 ಅಂದರೆ 1. ಹಳೇ ಜೆಟ್‌ನಲ್ಲಿ ಇ20 ಹಾಕಿದರೆ ಮಿಶ್ರಣ ಲೀನ್ (ಗಾಳಿ ಜಾಸ್ತಿ) ಕಡೆ ಜಾರುತ್ತದೆ. ಗೇಜ್ ಅದನ್ನು ತೋರಿಸಿದ ಮೇಲೇ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿದೆ.

ಟರ್ಬೊ ಗಾಡಿ ಇರುವವರು ಸೆನ್ಸರ್ ಅನ್ನು ಟರ್ಬೊ ದಾಟಿದ ಮೇಲೇ ಹಾಕಬೇಕು. ಟರ್ಬೊ ಮುಂಚಿನ ಒತ್ತಡದಲ್ಲಿ ಸೆನ್ಸರ್ ಓದುವ ಅಂಕಿಯೇ ತಪ್ಪುತ್ತದೆ, ಕಾವಂತೂ ವಿಪರೀತ. ಕ್ಯಾಟ್ ಇದ್ದರೆ ಅದಕ್ಕಿಂತ ಮುಂಚೆ. ಕ್ಯಾಟ್ ದಾಟಿದ ಹೊಗೆ ಆಗಲೇ ಬದಲಾಗಿರುತ್ತದೆ. ಕಂಪನಿಯ ಓ2 ಸೆನ್ಸರ್ ಇದ್ದ ಬಂಗ್‌ನಿಂದ ಅದನ್ನು ತೆಗೆದು ಇದನ್ನು ತುರುಕಬೇಡಿ, ಪಕ್ಕದಲ್ಲಿ ಬೇರೆ ಬಂಗ್ ಹಾಕಿಸಿ. ಬಂಗ್ ಜೊತೆಗೆ ಅದೇ ಥ್ರೆಡ್‌ನ ಒಂದು ಮುಚ್ಚುವ ಬೋಲ್ಟ್ ತಗೊಂಡು ಡ್ಯಾಶ್‌ನಲ್ಲಿ ಇಟ್ಟಿರಿ. ಗೇಜ್ ಕೈಕೊಟ್ಟರೆ ಸೆನ್ಸರ್ ಬಿಚ್ಚಿ, ಬೋಲ್ಟ್ ಹಾಕಿ, ಗಾಡಿ ಓಡಿಸಿಕೊಂಡು ಮನೆಗೆ ಹೋಗಬಹುದು.