ಓಪನ್‌ಡಬ್ಲ್ಯೂಆರ್‌ಟಿಯ ಎಸ್‌ಕ್ಯೂಎಂ: ಆದ್ಯತೆಗಿಂತ ಮೊದಲು ಸಾಲು ಹತೋಟಿಗೆ ಬರಲಿ

ಬಹುಪಾಲು ರೂಟರ್‌ಗಳ ಕ್ಯೂಓಎಸ್ (ಯಾವ ಬಳಕೆಗೆ ಆದ್ಯತೆ ಎಂದು ಹೇಳುವ) ಪುಟದಲ್ಲಿ ಗೇಮ್ ಮೊದಲು, ವಿಡಿಯೋ ಆಮೇಲೆ ಎಂದು ಜೋಡಿಸುವ ಪಟ್ಟಿ ಇರುತ್ತದೆ. ಅದನ್ನು ಹೇಗೆ ಜೋಡಿಸಿದರೂ, ಯಾರೋ ದೊಡ್ಡ ಫೈಲ್ ಅಪ್‌ಲೋಡ್‌ಗೆ ಹಾಕಿದ ಕೂಡಲೇ ವಿಡಿಯೋ ಕಾಲ್ ತಡವರಿಸುವುದುಂಟು. ಏಕೆಂದರೆ ಪ್ಯಾಕೆಟ್‌ಗಳ, ಅಂದರೆ ಡೇಟಾದ ತುಣುಕುಗಳ, ಸಾಲು ರೂಟರ್‌ನಲ್ಲಿ ಇರುವುದೇ ಇಲ್ಲ. ಮೋಡೆಮ್‌ನೊಳಗೆ ಹನುಮಂತನ ಬಾಲದಂತೆ ಬೆಳೆದಿರುತ್ತದೆ. ರೂಟರ್‌ಗೆ ಹಾಕುವ ಮುಕ್ತ ತಂತ್ರಾಂಶ ಓಪನ್‌ಡಬ್ಲ್ಯೂಆರ್‌ಟಿಯಲ್ಲಿ ಸಿಗುವ ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್) ವೇಗವನ್ನು ಲೈನ್‌ಗಿಂತ ತುಸು ಕೆಳಗೆ ಮಿತಿಗೊಳಿಸಿ ಆ ಸಾಲನ್ನು ರೂಟರ್‌ಗೆ ಎಳೆದು ತರುತ್ತದೆ. ಅದಕ್ಕೇ ಇದು ನಮಗೆ ಮೆಚ್ಚುಗೆ.

ಲುಸಿ-ಆ್ಯಪ್-ಎಸ್‌ಕ್ಯೂಎಂ ಪ್ಯಾಕೇಜ್ ಹಾಕಿ, ವ್ಯಾನ್ (ಇಂಟರ್ನೆಟ್ ಕಡೆಯ) ಇಂಟರ್‌ಫೇಸ್ ಆರಿಸಿ. ಹೆಸರು, ಪಾಸ್‌ವರ್ಡ್ ಕೊಟ್ಟು ಸೇರುವ ಪಿಪಿಪಿಓಇ ಸಂಪರ್ಕವಾದರೆ ಸಾಮಾನ್ಯವಾಗಿ ಪಿಪಿಪಿಓಇ-ವ್ಯಾನ್. ಎಸ್‌ಕ್ಯೂಎಂ ಆಫ್ ಇದ್ದಾಗ, ಕೇಬಲ್ ಹಚ್ಚಿದ ಕಂಪ್ಯೂಟರ್‌ನಿಂದ ವೇಗ ಅಳೆದು, ಅದರ ಶೇ. 90ರಷ್ಟನ್ನು ಮಿತಿಯಾಗಿ ತುಂಬಿ. ಅಳತೆ ಕಿಲೋಬಿಟ್‌ನಲ್ಲಿ: 94 ಎಂಬಿಪಿಎಸ್ ಬಂದರೆ 84600. ಇಲ್ಲಿ 85 ಎಂದು ಬರೆದರೆ ಇಂಟರ್ನೆಟ್ ನಿಂತೇಹೋದಂತಾಗುತ್ತದೆ. 0 ಎಂದರೆ ಆ ದಿಕ್ಕಿಗೆ ಮಿತಿಯೇ ಇಲ್ಲ.

ಕ್ಯೂ ವಿಧಾನಕ್ಕೆ ಕೇಕ್, ಸ್ಕ್ರಿಪ್ಟ್‌ಗೆ ಪೀಸ್ ಆಫ್ ಕೇಕ್ ಸಾಕು. ಇನ್ನೊಂದು ಸ್ಕ್ರಿಪ್ಟ್ ಲೇಯರ್ ಕೇಕ್, ಪ್ಯಾಕೆಟ್‌ನ ಡಿಎಸ್‌ಸಿಪಿ (ಆದ್ಯತೆ ಸೂಚಿಸುವ) ಗುರುತು ನೋಡಿ ಬೇರೆ ಬೇರೆ ವರ್ಗ ಮಾಡುತ್ತದೆ. ಇಎಫ್ ಎಂಬ ಗುರುತು, ಅಂದರೆ 46, ಧ್ವನಿ ವರ್ಗಕ್ಕೆ ಹೋಗುತ್ತದೆ. ಆದರೆ ಆ್ಯಪ್ ಗುರುತು ಹಾಕಿದ್ದರೆ ಮಾತ್ರ. ಡೌನ್‌ಲೋಡ್‌ನಲ್ಲಂತೂ ಆ ಗುರುತು ದಾರಿಯಲ್ಲೇ ಅಳಿಸಿಹೋಗುವುದು ಸಾಮಾನ್ಯ. ಗುರುತಿಲ್ಲದಿದ್ದರೂ ಕೇಕ್ ಪ್ರತಿ ಹರಿವಿಗೂ (ಸಂಪರ್ಕಕ್ಕೂ) ಬೇರೆ ಸಾಲು ಕೊಡುವುದರಿಂದ, ಕಾಲ್‌ನ ಸಣ್ಣ ಪ್ಯಾಕೆಟ್‌ಗಳು ಟೊರೆಂಟ್‌ನ ಹಿಂದೆ ಕಾಯುವುದಿಲ್ಲ. ಒಂದೇ ಸಾಧನ ನೂರು ಸಂಪರ್ಕ ತೆರೆದು ಪಾಲೆಲ್ಲ ಕಬಳಿಸುತ್ತಿದ್ದರೆ, ಸುಧಾರಿತ ಆಯ್ಕೆಯಲ್ಲಿ ಅಪ್‌ಲೋಡ್‌ಗೆ ನ್ಯಾಟ್ ಮತ್ತು ಡ್ಯುಯಲ್-ಎಸ್‌ಆರ್‌ಸಿಹೋಸ್ಟ್, ಡೌನ್‌ಲೋಡ್‌ಗೆ ನ್ಯಾಟ್ ಮತ್ತು ಡ್ಯುಯಲ್-ಡಿಎಸ್‌ಟಿಹೋಸ್ಟ್ ಪದಗಳನ್ನು ಕೊಡಿ. ಆಗ ಹಂಚಿಕೆ ಸಾಧನದ ಲೆಕ್ಕದಲ್ಲಿ. ಯಾವ ಆದ್ಯತೆ ಪಟ್ಟಿಗಿಂತಲೂ ಮನೆಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ.

ಲೈನ್‌ನಲ್ಲಿ ಪ್ರತಿ ಪ್ಯಾಕೆಟ್‌ಗೆ ಸೇರುವ ಹೆಚ್ಚುವರಿ ಬೈಟ್‌ಗಳನ್ನು ತಿಳಿಸುವ ಲಿಂಕ್ ಲೇಯರ್ ಪುಟವನ್ನು ಹಾಗೇ ಬಿಡಬೇಡಿ. ಫೈಬರ್‌ಗೆ ಈಥರ್ನೆಟ್, 44 ಬೈಟ್. ಕೇಬಲ್ ಮೋಡೆಮ್‌ಗೆ 22. ಎಡಿಎಸ್‌ಎಲ್‌ಗೆ ಎಟಿಎಂ ಆರಿಸಲೇಬೇಕು: ಅಲ್ಲಿ 53 ಬೈಟ್‌ನ ಕೋಶದಲ್ಲಿ ಹಿಡಿಯುವ ಡೇಟಾ 48 ಬೈಟ್ ಮಾತ್ರ. ಈ ಲೆಕ್ಕ ತಪ್ಪಿದರೆ ಸಣ್ಣ ಪ್ಯಾಕೆಟ್ ಹೆಚ್ಚಾದಾಗ ಸಾಲು ಮತ್ತೆ ಮೋಡೆಮ್‌ಗೆ ಜಾರುತ್ತದೆ.

ಪರೀಕ್ಷೆ ಸರಳ: ಲೈನ್ ಖಾಲಿ ಇದ್ದಾಗ ಪಿಂಗ್ ನೋಡಿ, ಅಪ್‌ಲೋಡ್ ತುಂಬಿಸಿ ಮತ್ತೆ ನೋಡಿ. ಹತ್ತಾರು ಮಿಲಿಸೆಕೆಂಡ್ ಏರಿದರೆ ಮಿತಿಯನ್ನು ಶೇ. 5 ಇಳಿಸಿ.

ಕೊರತೆಗಳೂ ಇವೆ. ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ. ರೂಟರ್‌ನ ಟಾಪ್ ಆಜ್ಞೆಯಲ್ಲಿ ಎಸ್‌ಐಆರ್‌ಕ್ಯೂ (ಪ್ಯಾಕೆಟ್ ಕೆಲಸಕ್ಕೆ ಹೋಗುವ ಪ್ರೊಸೆಸರ್ ಸಮಯ) ಶೇ. 100ರ ಹತ್ತಿರವಿದ್ದರೆ ವೇಗ ಕುಸಿಯುತ್ತದೆ. ಆಗ ಎಫ್‌ಕ್ಯೂ-ಕೋಡೆಲ್ ಮತ್ತು ಸಿಂಪಲ್ ಸ್ಕ್ರಿಪ್ಟ್ ಹಗುರ. ಹಾರ್ಡ್‌ವೇರ್ ಫ್ಲೋ ಆಫ್‌ಲೋಡಿಂಗ್ (ಪ್ಯಾಕೆಟ್ ಸಾಗಿಸುವ ಕೆಲಸವನ್ನು ಚಿಪ್‌ಗೆ ವಹಿಸುವುದು) ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಅನ್ನು ಮುಟ್ಟದೆ ಸಾಗಿಬಿಡುತ್ತವೆ, ಅದನ್ನು ಆಫ್ ಮಾಡಿ. ವೈಫೈ ಸಿಗ್ನಲ್ ದುರ್ಬಲವಾಗಿ ಬರುವ ತಡವನ್ನು ಇದು ಸರಿಪಡಿಸದು. ಕ್ಷಣಕ್ಷಣಕ್ಕೂ ವೇಗ ಬದಲಾಗುವ ಮೊಬೈಲ್ ಸಂಪರ್ಕಕ್ಕೆ ಒಂದೇ ಸ್ಥಿರ ಅಂಕಿ ಹೊಂದುವುದೂ ಇಲ್ಲ. ಅಂಥವರು ಮಿತಿಯನ್ನು ತಾನೇ ಬದಲಿಸುವ ಕೇಕ್-ಆಟೋರೇಟ್ ನೋಡಬೇಕು.