ಕ್ಲಿನಿಕ್ಕಿನಲ್ಲಿ ಕಾಕ್ರೇನ್ ಲೈಬ್ರರಿ: ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಹನುಮಂತನಗರದಲ್ಲಿ ಸಣ್ಣದೊಂದು ಕ್ಲಿನಿಕ್ ಇಟ್ಟುಕೊಂಡಿರುವ ಫ್ಯಾಮಿಲಿ ಡಾಕ್ಟರ್. ಜ್ವರ, ಕೆಮ್ಮು, ಭೇದಿ, ಶುಗರ್, ಬಿಪಿ, ಮಂಡಿ ನೋವು, ಇವೇ ನನ್ನ ದಿನದ ಕೆಲಸ. ಈ ಕೆಲಸದಲ್ಲಿ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಕಾಕ್ರೇನ್ ಲೈಬ್ರರಿ ಬಳಸಿದ್ದೇನೆ. ಅದು ಎಲ್ಲಿ ಕೈ ಹಿಡಿಯುತ್ತದೆ, ಎಲ್ಲಿ ಸಾಲದು ಅಂತ ನನ್ನಂಥ ಕ್ಲಿನಿಕ್ ಡಾಕ್ಟರುಗಳಿಗೂ ಈಗ ಓದುತ್ತಿರುವ ಹುಡುಗ ಹುಡುಗಿಯರಿಗೂ ಹೇಳಬೇಕು ಅನ್ನಿಸಿತು.

ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಪ್ರಶ್ನೆ ಹಿಡಿದು, ಅದರ ಬಗ್ಗೆ ಜಗತ್ತಿನಲ್ಲಿ ನಡೆದ ಟ್ರಯಲ್‌ಗಳನ್ನೆಲ್ಲ (ಚಿಕಿತ್ಸೆಗಳನ್ನು ಹೋಲಿಸಿ ನೋಡುವ ಪ್ರಯೋಗಗಳು) ಹುಡುಕಿ, ಜರಡಿ ಹಿಡಿದು, ಒಟ್ಟಿಗೆ ಲೆಕ್ಕ ಹಾಕಿ ಬರೆದ ರಿವ್ಯೂಗಳು ಈ ಆನ್‌ಲೈನ್ ಲೈಬ್ರರಿಯಲ್ಲಿವೆ. ಕಾಕ್ರೇನ್ ಸಂಸ್ಥೆ ಇಂಗ್ಲೆಂಡ್‌ನಲ್ಲಿ 1993ರಲ್ಲಿ ಶುರುವಾಯಿತು. ಅದರ ಲೋಗೋದಲ್ಲಿ ಸಣ್ಣ ಸಣ್ಣ ಅಡ್ಡ ಗೆರೆಗಳಿವೆ. ಅವು ಸುಮ್ನೆ ಚಂದಕ್ಕೆ ಹಾಕಿದ್ದಲ್ಲ, ಒಂದೊಂದು ಗೆರೆ ಒಂದೊಂದು ಟ್ರಯಲ್‌ನ ಫಲಿತಾಂಶ. ದಿನ ತುಂಬುವ ಮೊದಲೇ ಹೆರಿಗೆ ಆಗುವ ಹಾಗಿದ್ದರೆ ತಾಯಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ, ಮಗುವಿನ ಶ್ವಾಸಕೋಶ ಬೇಗ ಬಲಿಯಲಿ ಅಂತ. ಅದರ ಮೊದಲ ಟ್ರಯಲ್ ನ್ಯೂಜಿಲೆಂಡ್‌ನಿಂದ 1972ರಲ್ಲೇ ಬಂದಿತ್ತು. ಆಮೇಲೆ ಅಲ್ಲೊಂದು ಇಲ್ಲೊಂದು ಬರುತ್ತಾ ಹೋದವು. ಎಲ್ಲವನ್ನೂ ಸೇರಿಸಿ ನೋಡಿದ ರಿವ್ಯೂ ಬಂದಿದ್ದು 1989ರಲ್ಲಿ. ಅಷ್ಟು ವರ್ಷ ಉತ್ತರ ಕೈಯಲ್ಲೇ ಇತ್ತು, ಒಟ್ಟುಗೂಡಿಸಿ ನೋಡುವವರು ಇರಲಿಲ್ಲ. ಆ ನಡುವೆ ಎಷ್ಟು ಎಳೆ ಕೂಸುಗಳು ಹೋದವೋ. ನನಗೆ ಆ ಲೋಗೋ ನೋಡಿದಾಗಲೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. 2007ರಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಇಡೀ ದೇಶದ ಪರವಾಗಿ ಚಂದಾ ಕಟ್ಟಿ ಇದನ್ನು ನಮಗೆಲ್ಲ ತೆರೆಸಿತು. ಅದಿಲ್ಲದಿದ್ದರೂ ರಿವ್ಯೂ ಸಾರಾಂಶ ಎಲ್ಲರಿಗೂ ಉಚಿತ. 2013ರಿಂದ ಬಂದ ರಿವ್ಯೂಗಳ ಪೂರ್ತಿ ಪಠ್ಯವೂ ಪ್ರಕಟವಾಗಿ ಹನ್ನೆರಡು ತಿಂಗಳಾದ ಮೇಲೆ ಉಚಿತ.

ಇನ್ನು ಹುಡುಕುವ ರೀತಿ. 'ಮಕ್ಕಳ ಭೇದಿ' ಅಂತ ಬರೆದು ಹುಡುಕಿದರೆ ರಾಶಿ ಬಂದು ಬೀಳುತ್ತದೆ, ಕೆಲಸಕ್ಕೆ ಬರುವುದಿಲ್ಲ. ಪ್ರಶ್ನೆಯನ್ನು ಮೊದಲು ನಾಲ್ಕು ತುಂಡು ಮಾಡಿಕೊಳ್ಳಬೇಕು. ಯಾರಿಗೆ? ಏನು ಕೊಟ್ಟರೆ? ಯಾವುದಕ್ಕೆ ಹೋಲಿಸಿ? ಯಾವ ಫಲ ಬೇಕು? ಕಾಲೇಜಿನಲ್ಲಿ ಇದನ್ನು ಪೀಕೋ ಅಂತ ಕಲಿಸುತ್ತಾರೆ. ಪರೀಕ್ಷೆಗೆ ಉರು ಹೊಡೆದು ಮರೆಯುವ ವಿಷಯ ಅಲ್ಲ ಅದು. ಇದರಲ್ಲಿ ಅತಿ ಮುಖ್ಯ 'ಯಾರಿಗೆ' ಅನ್ನೋದು, ಅದರಲ್ಲೂ ವಯಸ್ಸು.

ಒಂದು ಉದಾಹರಣೆ ಕೊಡುತ್ತೇನೆ. ನಾಲ್ಕು ತಿಂಗಳ ಮಗು, ಎರಡು ದಿನದಿಂದ ಭೇದಿ. ಅಜ್ಜಿ ಎತ್ತಿಕೊಂಡು ಬಂದಿದ್ದರು. "ಡಾಕ್ಟ್ರೇ, ಪಕ್ಕದ ಮನೆ ಮಗೂಗೆ ಜಿಂಕ್ ಸಿರಪ್ ಬರ್ಕೊಟ್ಟಿದ್ರಂತೆ. ನಮ್ಮ ಪಾಪೂಗೂ ಬರ್ಕೊಡಿ" ಅಂದರು. ನ್ಯಾಯವಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2004ರಲ್ಲೇ ಭೇದಿಗೆ ಜಿಂಕ್ ಕೊಡಿ ಅಂದಿದ್ದವು. ದಿನಕ್ಕೆ 20 ಮಿಲಿಗ್ರಾಂ, ಆರು ತಿಂಗಳ ಒಳಗಿನವರಿಗೆ 10 ಮಿಲಿಗ್ರಾಂ, ಹತ್ತರಿಂದ ಹದಿನಾಲ್ಕು ದಿನ.

ಕಾಕ್ರೇನ್‌ನಲ್ಲಿ ಇದರ ಬಗ್ಗೆ 2016ರ ರಿವ್ಯೂ ಇದೆ. 33 ಟ್ರಯಲ್, 10,841 ಮಕ್ಕಳು. ಅದು ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಮಾಡಿ ನೋಡಿದೆ. ಆರು ತಿಂಗಳು ದಾಟಿದ ಮಕ್ಕಳಲ್ಲಿ ಜಿಂಕ್‌ನಿಂದ ಭೇದಿ ಸುಮಾರು ಅರ್ಧ ದಿನ ಮೊದಲೇ ನಿಲ್ಲಬಹುದು. ಸೊರಗಿದ ಮಕ್ಕಳಲ್ಲಿ ಇನ್ನೂ ಜಾಸ್ತಿ, ಹೆಚ್ಚು ಕಡಿಮೆ ಒಂದು ದಿನ. ಆರು ತಿಂಗಳ ಒಳಗಿನ ಮಕ್ಕಳಲ್ಲಿ ಅಂಥ ಲಾಭ ಕಾಣಲಿಲ್ಲ. ಜಿಂಕ್ ತೆಗೆದುಕೊಂಡ ಎರಡೂ ವಯಸ್ಸಿನ ಮಕ್ಕಳಲ್ಲಿ ವಾಂತಿ ಜಾಸ್ತಿ.

ಹಾಗಾಗಿ ಅಜ್ಜಿಗೆ ಹೇಳಿದೆ: "ಅಮ್ಮಾ, ಇಷ್ಟು ಚಿಕ್ಕ ಮಗೂಗೆ ಜಿಂಕ್‌ನಿಂದ ಅಂಥ ಉಪಯೋಗ ಕಂಡಿಲ್ಲ. ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್ ಚಮಚದಲ್ಲಿ ಸ್ವಲ್ಪ ಸ್ವಲ್ಪ ಕೊಡಿ. ಮೂತ್ರ ಕಡಿಮೆ ಆದ್ರೆ, ಮಗು ಮಂಕಾದ್ರೆ, ಹಾಲು ಬಿಟ್ರೆ ರಾತ್ರಿ ಆದ್ರೂ ಸರಿ, ಆಸ್ಪತ್ರೆಗೆ ಹೋಗಿ." ಅದೇ ವಾರ ಕಟ್ಟಡ ಕೆಲಸದವರ ಶೆಡ್‌ನಿಂದ ಎರಡು ವರ್ಷದ ಮಗು ಬಂತು, ಪಕ್ಕೆಲುಬು ಎಣಿಸುವಷ್ಟು ಸಣ್ಣ. ಅದಕ್ಕೆ ಓಆರ್‌ಎಸ್ ಜೊತೆ ಜಿಂಕ್ ಬರೆದು, ಭೇದಿ ನಿಂತರೂ ಹೇಳಿದಷ್ಟು ದಿನ ಪೂರ್ತಿ ಕೊಡಿ ಅಂತ ತಾಯಿಗೆ ಎರಡು ಸಲ ಹೇಳಿ ಕಳಿಸಿದೆ. ಒಂದೇ ಕಾಯಿಲೆ, ಒಂದೇ ಔಷಧಿ, ಎರಡು ಮಕ್ಕಳಿಗೆ ಎರಡು ಉತ್ತರ.

ಇಲ್ಲಿ ನನಗೆ ತುಂಬಾ ಇಷ್ಟವಾದದ್ದು ಇನ್ನೊಂದಿದೆ. ಪ್ರತಿ ಉತ್ತರದ ಜೊತೆ ಅದನ್ನು ಎಷ್ಟು ನಂಬಬಹುದು ಅಂತಲೂ ಬರೆದಿರುತ್ತಾರೆ. ಹೆಚ್ಚು, ಮಧ್ಯಮ, ಕಡಿಮೆ, ತೀರಾ ಕಡಿಮೆ ಅಂತ ನಾಲ್ಕು ಹಂತ. ಮೇಲೆ ಹೇಳಿದ ಅರ್ಧ ದಿನದ ಲೆಕ್ಕಕ್ಕೆ 'ಕಡಿಮೆ' ಅಂತಲೇ ಇದೆ. ಅದಕ್ಕೇ ನಾನೂ 'ನಿಲ್ಲಬಹುದು' ಅಂದೆ. ಔಷಧಿ ಕಂಪನಿಯ ರೆಪ್ ತರುವ ಬಣ್ಣದ ಹಾಳೆಯಲ್ಲಿ ಈ ಸಾಲು ಎಂದೂ ಇರುವುದಿಲ್ಲ.

ಗಂಟಲು ನೋವಿನ ರಿವ್ಯೂ ಕೂಡ ಓದಲೇಬೇಕು. ಆಂಟಿಬಯೋಟಿಕ್ ಕೊಡದಿದ್ದವರಲ್ಲೂ ಶೇ. 82 ಮಂದಿಗೆ ಒಂದು ವಾರದಲ್ಲಿ ವಾಸಿಯಾಗಿತ್ತು. ಇದನ್ನು ಓದಿ ಆಂಟಿಬಯೋಟಿಕ್ ಬೇಡವೇ ಬೇಡ ಅಂತ ಎದ್ದು ಬಿಡಬಾರದು. ಅದೇ ರಿವ್ಯೂನಲ್ಲಿ ಆಂಟಿಬಯೋಟಿಕ್‌ನಿಂದ ರುಮ್ಯಾಟಿಕ್ ಜ್ವರ (ಗಂಟಲು ಸೋಂಕಿನ ನಂತರ ಬಂದು ಹೃದಯದ ವಾಲ್ವ್ ಕೆಡಿಸಬಲ್ಲ ಕಾಯಿಲೆ) ಸುಮಾರು ಮೂರರಲ್ಲಿ ಎರಡು ಪಾಲು ತಗ್ಗಿತು ಅಂತಲೂ ಇದೆ, ಆ ಟ್ರಯಲ್‌ಗಳು ಬಹುತೇಕ 1950ರ ದಶಕದವು. ಶ್ರೀಮಂತ ದೇಶಗಳಲ್ಲಿ ಆ ಜ್ವರ ಈಗ ಅಪರೂಪ. ನಮ್ಮಲ್ಲಿ ಇನ್ನೂ ಹೋಗಿಲ್ಲ. ಜಯದೇವ ಹೃದ್ರೋಗ ಆಸ್ಪತ್ರೆಯಲ್ಲಿ ವಾಲ್ವ್ ಆಪರೇಷನ್ ಮಾಡಿಸಿಕೊಂಡು ಬಂದವರು ನನ್ನ ಕ್ಲಿನಿಕ್ಕಿಗೂ ಬರುತ್ತಾರೆ. ಶಾಲೆಗೆ ಹೋಗುವ ವಯಸ್ಸು, ಟಾನ್ಸಿಲ್ ಮೇಲೆ ಕೀವು, ಜ್ವರ, ಕತ್ತಿನಲ್ಲಿ ಗಂಟು, ಕೆಮ್ಮು ಇಲ್ಲ ಅಂದರೆ ನಾನು ಬೇರೆ ರೀತಿ ಯೋಚಿಸುತ್ತೇನೆ. ಟ್ರಯಲ್ ಎಲ್ಲಿ ನಡೆಯಿತು, ಯಾವ ಕಾಲದ್ದು ಅಂತ ನೋಡದೆ ಉತ್ತರ ಎತ್ತಿಕೊಳ್ಳಬಾರದು. ಆ ಕೆಲಸ ಲೈಬ್ರರಿ ಮಾಡಿಕೊಡುವುದಿಲ್ಲ, ನಾವೇ ಮಾಡಬೇಕು.

ಕೊರತೆಗಳೂ ಇವೆ. ಒಂದೊಂದು ರಿವ್ಯೂ ನೂರಾರು ಪುಟ. ಪೇಷೆಂಟ್ ಎದುರಿಗೆ ಕೂತಿರುವಾಗ ಸಾರಾಂಶ ಬಿಟ್ಟು ಮುಂದೆ ಹೋಗಲು ಆಗುವುದಿಲ್ಲ. ಕೆಲವು ಹಳತಾಗಿವೆ, ಆದ್ದರಿಂದ ರಿವ್ಯೂ ಬರೆದವರು ಟ್ರಯಲ್‌ಗಳಿಗಾಗಿ ಮಾಡಿದ ಕೊನೆಯ ಹುಡುಕಾಟ ಯಾವ ವರ್ಷದ್ದು ಅಂತ ಮೊದಲು ನೋಡಿ. 'ಸಾಕಷ್ಟು ಪುರಾವೆ ಇಲ್ಲ' ಅಂತ ಮುಗಿಯುವ ರಿವ್ಯೂಗಳೂ ಬೇಕಾದಷ್ಟು ಇವೆ. ಪುರಾವೆ ಇಲ್ಲ ಅಂದರೆ ಉಪಯೋಗ ಇಲ್ಲ ಅಂತ ಅರ್ಥ ಅಲ್ಲ, ಅಲ್ವಾ? ಜೂನಿಯರ್‌ಗಳು ಇಲ್ಲೇ ಜಾಸ್ತಿ ಎಡವುತ್ತಾರೆ.

ರಿವ್ಯೂ ಸಿಗದಿದ್ದಾಗ ಪಬ್‌ಮೆಡ್‌ಗೆ ಹೋಗುತ್ತೇನೆ. ಅಮೆರಿಕದ ನ್ಯಾಷನಲ್ ಲೈಬ್ರರಿ ಆಫ್ ಮೆಡಿಸಿನ್ 1997ರಿಂದ ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಮೂರೂವರೆ ಕೋಟಿಗೂ ಹೆಚ್ಚು ಲೇಖನಗಳ ವಿವರ ಇರುವುದರಿಂದ ನೇರ ಹುಡುಕಿದರೆ ದಿಕ್ಕು ತಪ್ಪುತ್ತದೆ. ಅದರೊಳಗೆ 'ಕ್ಲಿನಿಕಲ್ ಕ್ವೆರೀಸ್' ಅಂತ ಚಿಕಿತ್ಸೆಯ ಪ್ರಶ್ನೆಗಳಿಗೆ ತಕ್ಕ ಲೇಖನಗಳನ್ನು ಸೋಸಿ ಕೊಡುವ ಒಂದು ಪುಟ ಇದೆ, ಅಲ್ಲಿಂದ ಶುರು ಮಾಡಿ. ಮಳೆಗಾಲದಲ್ಲಿ ಬೆಂಗಳೂರಿನಲ್ಲಿ ದಿನಾ ಕೇಳುವ ಪ್ರಶ್ನೆ ಡೆಂಗಿಯದು. "ಸರ್, ಪ್ಲೇಟ್‌ಲೆಟ್ ಹದಿನೆಂಟು ಸಾವಿರಕ್ಕೆ ಇಳಿದಿದೆ, ಹಾಕಿಸ್ಬೇಕಲ್ವಾ?" ಸಿಂಗಪುರ, ಮಲೇಷ್ಯಾದ ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆಗೆ ಟ್ರಯಲ್ ನಡೆದು 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಇಪ್ಪತ್ತು ಸಾವಿರ ಅಥವಾ ಅದಕ್ಕಿಂತ ಕಡಿಮೆ ಪ್ಲೇಟ್‌ಲೆಟ್ ಇದ್ದು, ತೀವ್ರ ಅಥವಾ ನಿಲ್ಲದೆ ಹೋಗುವ ರಕ್ತಸ್ರಾವ ಇಲ್ಲದ ದೊಡ್ಡವರು ಅದರಲ್ಲಿದ್ದರು. ಪ್ಲೇಟ್‌ಲೆಟ್ ಹಾಕಿದ್ದರಿಂದ ರಕ್ತಸ್ರಾವ ತಪ್ಪಲಿಲ್ಲ, ಅಡ್ಡ ಪರಿಣಾಮ ಜಾಸ್ತಿ ಆಯಿತು. ರಾತ್ರಿ ಎಲ್ಲ ರಕ್ತನಿಧಿ ಸುತ್ತುವ ಮನೆಯವರಿಗೆ ಇದನ್ನು ಕೂತು ವಿವರಿಸುವುದು ನನ್ನ ಪ್ರಕಾರ ಚಿಕಿತ್ಸೆಯ ಭಾಗವೇ. ಜೊತೆಗೆ ಹೊಟ್ಟೆ ನೋವು, ವಾಂತಿ, ರಕ್ತಸ್ರಾವ ಕಂಡರೆ ಕಾಯಬೇಡಿ ಅಂತಲೂ ಹೇಳಬೇಕು.

ದುಡ್ಡು ಕೊಟ್ಟು ತೆಗೆದುಕೊಳ್ಳುವ ಅಪ್‌ಟುಡೇಟ್ ಥರದ ಆನ್‌ಲೈನ್ ವೈದ್ಯಕೀಯ ಕೈಪಿಡಿಗಳು ಬೇಗ ಉತ್ತರ ಕೊಡುತ್ತವೆ, ಆದರೆ ಒಬ್ಬರೇ ಕ್ಲಿನಿಕ್ ನಡೆಸುವವರಿಗೆ ಚಂದಾ ಭಾರ. ರಾಜೀವ್ ಗಾಂಧಿ ಆರೋಗ್ಯ ವಿವಿ ಕಾಲೇಜುಗಳಲ್ಲಿ ಓದುವವರು ವಿವಿಯ ಡಿಜಿಟಲ್ ಲೈಬ್ರರಿ ಹೆಲಿನೆಟ್ ಬಳಸಿ. 2003ರಿಂದ ಇದೆ, ಎಷ್ಟೋ ಮಂದಿ ಕಣ್ಣೆತ್ತಿಯೂ ನೋಡುವುದಿಲ್ಲ.

ಕಾಕ್ರೇನ್‌ನಲ್ಲಿ ಜನಸಾಮಾನ್ಯರಿಗೆ ಅಂತಲೇ ಬರೆದ ಸರಳ ಸಾರಾಂಶಗಳಿವೆ, ಸ್ಪ್ಯಾನಿಷ್, ಫ್ರೆಂಚ್, ಜಪಾನೀಸ್ ಅಂತ ಹಲವು ಭಾಷೆಗಳಲ್ಲಿ. ಕನ್ನಡ ಆ ಪಟ್ಟಿಯಲ್ಲಿಲ್ಲ. ನಾನು ಲೆಟರ್‌ಹೆಡ್ ಹಿಂದೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಡುತ್ತೇನೆ: ಒಂದು ವರ್ಷ ದಾಟಿದ ಮಗುವಿನ ಕೆಮ್ಮಿಗೆ ಜೇನುತುಪ್ಪ ಸ್ವಲ್ಪ ಆರಾಮ ಕೊಡುತ್ತದೆ, ವರ್ಷದೊಳಗಿನ ಮಗುವಿಗೆ ಬೊಟುಲಿಸಂ ಅನ್ನೋ ವಿಷದ ಕಾಯಿಲೆಯ ಅಪಾಯ ಇರುವುದರಿಂದ ಕೊಡಲೇಬಾರದು, ಹೀಗೆ. ಮನೆಯವರು ಅದನ್ನು ಫೋಟೊ ತೆಗೆದು ನೆಂಟರಿಗೆಲ್ಲ ಕಳಿಸುತ್ತಾರೆ. ಇದನ್ನು ಸರಿಯಾಗಿ, ಗುಂಪು ಕಟ್ಟಿ ಮಾಡಬೇಕು. ಬೆಂಗಳೂರಿನ ಡಾಕ್ಟರುಗಳು, ನರ್ಸ್‌ಗಳು ಯಾರಾದರೂ ಕೈ ಜೋಡಿಸುವುದಾದರೆ ಮಕ್ಕಳ ಭೇದಿ, ಕೆಮ್ಮು, ಗಂಟಲು ನೋವು, ಈ ಮೂರನ್ನು ಮೊದಲು ಹಿಡಿಯೋಣ.