‘ಎಲ್ಲ ನಾವೇ ನೋಡ್ಕೋತೀವಿ’ ಅಂದರು, ನಾವು ಸಹಿ ಹಾಕಿದೆವು: ಇಂಗ್ಲೆಂಡಿನಲ್ಲಿ ಹಿರಿಯರಿರುವವರು ಓದಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಲೆಕ್ಕಪತ್ರ ನೋಡುವುದೇ ನನ್ನ ಹೊಟ್ಟೆಪಾಡು. ಆದರೂ ಟೋಪಿ ಹಾಕಿಸಿಕೊಂಡೆ.

ನಮ್ಮ ದೊಡ್ಡಮ್ಮ 1974ರಲ್ಲಿ ಡಾಕ್ಟರ್ ಗಂಡನ ಜೊತೆ ಮೈಸೂರಿನಿಂದ ಇಲ್ಲಿಗೆ ಬಂದವರು. ಈಗ 81. ದೊಡ್ಡಪ್ಪ ಹೋಗಿ ತುಂಬಾ ವರ್ಷ ಆಯಿತು. ಕಳೆದ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದ ಮೇಲೆ ಆರು ವಾರ ಪುಕ್ಕಟೆ ಸಹಾಯ ಸಿಕ್ಕಿತು. ದಿನಕ್ಕೊಂದು ಹೊಸ ಮುಖ. ಒಬ್ಬಳಂತೂ ಹುಣಸೆಹಣ್ಣು ಹಾಕಿದ ಸಾರನ್ನು ಕೆಟ್ಟಿದೆ ಅಂದುಕೊಂಡು ಸಿಂಕಿಗೆ ಸುರಿದಿದ್ದಳು.

ಆಮೇಲೆ ಕೌನ್ಸಿಲ್‌ನವರು, ಅಂದರೆ ನಮ್ಮ ನಗರಸಭೆಯಂಥ ಇಲ್ಲಿನ ಸ್ಥಳೀಯ ಆಡಳಿತದವರು, ಬಂದು ದೊಡ್ಡಮ್ಮನ ಆರೈಕೆಗೆ ವಾರಕ್ಕೆ 310 ಪೌಂಡ್ ಬಜೆಟ್ ಬರೆದರು. ಆಳನ್ನು ನಾವೇ ಕಳಿಸೋಣವೋ, ದುಡ್ಡು ನಿಮಗೇ ಕೊಡೋಣವೋ ಅಂದರು. ಸಾರಿನ ಕಥೆ ನೆನಪಿತ್ತಲ್ಲ, ದುಡ್ಡೇ ಕೊಡಿ ಅಂದೆವು. ಇದಕ್ಕೆ ಡೈರೆಕ್ಟ್ ಪೇಮೆಂಟ್ ಅಂತಾರೆ. ದಾವಣಗೆರೆ ಕಡೆಯ ಹೆಣ್ಣುಮಗಳೊಬ್ಬಳು ಸಿಕ್ಕಳು, ಗಂಡನ ವೀಸಾದಲ್ಲಿ ಬಂದವಳು, ಕೆಲಸ ಮಾಡಲು ಅನುಮತಿ ಇತ್ತು. ದೊಡ್ಡಮ್ಮ ಬಹಳ ದಿನದ ಮೇಲೆ ನಕ್ಕರು.

ಖಾತೆ ನೋಡಿಕೊಳ್ಳೋಕೆ ಒಂದು ಸಂಸ್ಥೆ ಹಿಡಿದೆವು, ತಿಂಗಳಿಗೆ 28 ಪೌಂಡ್. ತಪ್ಪಾಗಿದ್ದು ಅಲ್ಲೇ. ಬಂದವನು ಚಕ್ಕುಲಿ ಎರಡು ಸಲ ಹಾಕಿಸಿಕೊಂಡ. ‘ಸಹಿ ಹಾಕಿ ಸಾಕು, ಸಂಬಳ, ತೆರಿಗೆ ಎಲ್ಲ ನಾವೇ ನೋಡ್ಕೋತೀವಿ’ ಅಂದ. ದೊಡ್ಡಮ್ಮ ಕೈಯಿಂದ ಏನಾದರೂ ಕಟ್ಟಬೇಕಾ ಅಂತ ನಾನು ಕೇಳಿದೆ. ಕೇಳಿದೆ! ‘ಅವರ ಪಾಲು ವಾರಕ್ಕೆ 94 ಪೌಂಡ್. ಅದನ್ನು ಕೌನ್ಸಿಲ್ ಹಿಡಿದುಕೊಂಡೇ ಕಳಿಸುತ್ತೆ’ ಅಂದ. ಊರಲ್ಲಿ ಟಿಡಿಎಸ್ ಹಿಡಿದ ಹಾಗೆ, ಹಿಡಿದರೆ ಮುಗಿಯಿತು ಅಂತ ನಾನು ತಿಳಿದೆ. ಪಾಲು ಜಾಸ್ತಿ ಆಯಿತಲ್ಲ ಅಂದರೆ, ‘ಕೆದಕಬೇಡಿ, ಆಮೇಲೆ ಮನೆ ಮೇಲೆ ಅವರ ಕಣ್ಣು ಬೀಳುತ್ತೆ’ ಅಂದ. ಹೆದರಿ ಸುಮ್ಮನಾದೆ.

ನಾಲ್ಕು ತಿಂಗಳಾಗುವ ಹೊತ್ತಿಗೆ ಒಂದು ಭಾನುವಾರ ಫೋನ್. ‘ಅಕ್ಕಾ, ಬೇಜಾರು ಮಾಡ್ಕೋಬೇಡಿ, ಈ ಸಲ ಸಂಬಳ ಬಂದಿಲ್ಲ.’ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸಿತು. ಬಾಡಿಗೆ ಕಟ್ಟೋ ಹುಡುಗಿ ಅದು.

ಸಂಸ್ಥೆಗೆ ಫೋನ್ ಮಾಡಿದರೆ, ‘ಖಾತೆ ಖಾಲಿ. 16 ವಾರದ 94 ಪೌಂಡ್ ನೀವು ಹಾಕಿಲ್ಲ, 1,504 ಬಾಕಿ.’ ಅಂದರೆ ಕೌನ್ಸಿಲ್ ಕಳಿಸುತ್ತಿದ್ದದ್ದು 216 ಮಾತ್ರ. ಹಿಡಿದುಕೊಂಡ 94ನ್ನು ಪ್ರತಿ ವಾರ ದೊಡ್ಡಮ್ಮನೇ ಖಾತೆಗೆ ತುಂಬಬೇಕಿತ್ತು. ಶುರುವಿನ ಖರ್ಚಿಗೆ ಅಂತ ಬಂದಿದ್ದ ಹೆಚ್ಚುವರಿ ದುಡ್ಡಿನಲ್ಲಿ ಇಷ್ಟು ದಿನ ಸಂಬಳ ಓಡಿತ್ತು. ನೀನು ಹೀಗೆ ಹೇಳಿರಲಿಲ್ಲವಲ್ಲ ಅಂದೆ. ಉತ್ತರ ಕೇಳಿ: ‘ಕೌನ್ಸಿಲ್ ಹಿಡಿದುಕೊಳ್ಳುತ್ತೆ ಅಂದೆ. ನೀವು ಕಟ್ಟಬೇಕಿಲ್ಲ ಅಂತ ಎಲ್ಲಿ ಅಂದೆ?’ ಮತ್ತೆ ಹೇಳುತ್ತೇನೆ, ಇದೇ ಮಾತು. ನಾಲ್ಕು ತಿಂಗಳು ಖಾತೆ ಸೋರುತ್ತಿದ್ದಾಗ ಒಂದು ಮೆಸೇಜ್ ಹಾಕೋಕೆ ಆಗಲಿಲ್ವಾ ಅಂದರೆ, ‘ಜ್ಞಾಪಿಸೋದು ನಿಮ್ಮ ಪ್ಯಾಕೇಜಿನಲ್ಲಿಲ್ಲ. ಏಳನೇ ಪುಟ ನೋಡಿ.’ ನೋಡಿದೆ. ಇರುವೆ ಸಾಲಿನಂಥ ಅಕ್ಷರದಲ್ಲಿ ಇತ್ತು.

ಅದೇ ಪುಟದಲ್ಲಿ ಇನ್ನೊಂದು. ಕೆಲಸ ಕೊಟ್ಟವರು ಸಂಸ್ಥೆ ಅಲ್ಲ, ದೊಡ್ಡಮ್ಮ! ನಡೆಯಲಾಗದ 81ರ ಮುದುಕಿ ಕಾಗದದಲ್ಲಿ ಯಜಮಾನಿ. ವಿಮೆ ಮಾಡಿಸೋದು, ವರ್ಷಕ್ಕೆ 5.6 ವಾರ ಸಂಬಳದ ರಜೆ ಕೊಡೋದು, ಎಲ್ಲ ಅವರ ತಲೆಗೆ. ಈಗ ದಿನಾ ಫೋನಿನಲ್ಲಿ ಅವರ ಮೊದಲ ಪ್ರಶ್ನೆ, ‘ಅವಳಿಗೆ ಸಂಬಳ ಹೋಯ್ತಾ?’

ಮನೆಯ ಮಾತೂ ಬರೀ ಬೊಗಳೆ. ಹಿರಿಯರು ತಮ್ಮದೇ ಮನೆಯಲ್ಲಿದ್ದು ಸಹಾಯ ತಗೊಂಡರೆ ಆ ಮನೆಯನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ. ನೋಡೋದು ಉಳಿತಾಯ ಮತ್ತು ವರಮಾನ. ಉಳಿತಾಯ 23,250 ಪೌಂಡ್ ದಾಟಬಾರದು ಅಷ್ಟೆ. ನಾನು ಕೆದಕಬೇಕಿತ್ತು. ಕಾಯಿಲೆಯಿಂದ ಆಗುವ ಜಾಸ್ತಿ ಖರ್ಚು, ಹಗಲೆಲ್ಲ ಉರಿಯೋ ಹೀಟರ್, ದಿನಾ ಒಗೆಯೋ ಹಾಸಿಗೆ ಬಟ್ಟೆ, ಇದನ್ನು ಪಟ್ಟಿ ಮಾಡಿ ಕೊಟ್ಟರೆ ಪಾಲು ಇಳಿಸುತ್ತಾರೆ. ನಮ್ಮ ಫಾರಂನಲ್ಲಿ ಆ ಜಾಗವನ್ನು ಆ ಪುಣ್ಯಾತ್ಮ ಖಾಲಿ ಬಿಟ್ಟಿದ್ದ. ನಾನು ಬಿಲ್ ಸಮೇತ ಕಳಿಸಿದ ಮೇಲೆ 94 ಇದ್ದದ್ದು 71 ಆಯಿತು.

ದುಡ್ಡು ಕೈಗೆ ತಗೊಳ್ಳಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಸ್ವಲ್ಪ ದುಡ್ಡಾಗಿ, ಸ್ವಲ್ಪ ಕೌನ್ಸಿಲ್ ಆಳಾಗಿಯೂ ಕೇಳಬಹುದು, ನಮಗದು ಗೊತ್ತೇ ಇರಲಿಲ್ಲ. ‘ನಮ್ಮ ಪಾಲನ್ನು ಯಾರು, ಯಾವ ಖಾತೆಗೆ, ಯಾವತ್ತು ಹಾಕಬೇಕು’ ಅನ್ನೋದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಬೇಡ. ಚಕ್ಕುಲಿಯೂ ಬೇಡ.

ಹುಡುಗಿಯ ಸಂಬಳವನ್ನು ನನ್ನ ಕೈಯಿಂದ ಕೊಟ್ಟೆ. ಕೌನ್ಸಿಲ್‌ಗೆ ದೂರು ಹೋಗಿದೆ, ಅಲ್ಲಿ ಆಗದಿದ್ದರೆ ಒಂಬುಡ್ಸ್‌ಮನ್ (ಕೌನ್ಸಿಲ್ ಮೇಲಿನ ದೂರು ವಿಚಾರಿಸೋ ಸ್ವತಂತ್ರ ಅಧಿಕಾರಿ) ಹತ್ತಿರ ಹೋಗುತ್ತೇನೆ. ಸಂಸ್ಥೆಗೆ ನಿಮ್ಮ ಸಹವಾಸ ಸಾಕು, ಖಾತೆ ಮುಚ್ಚಿ ಅಂತ ಬರೆದೆ. ಮುಚ್ಚೋಕೆ 60 ಪೌಂಡ್ ಅಂತೆ. ಅದು ಹನ್ನೊಂದನೇ ಪುಟದಲ್ಲಿದೆಯಂತೆ.